ಕೈ ಕಾಣುವಷ್ಟು ಬೆಳಕು

3 ಫೆಬ್ರವರಿ

ಪ್ರೀತಿಯ ಬಿಚ್ಚಪ್ಪ,

‘ದೂರ ಹೋದವರ ದನಿ ಮೊದಲು ಮರೆಯುತ್ತದೆ, ಮುಖ ಆಮೇಲೆ’ ಎಂದೋ, ‘ಮುಖ ಮೊದಲು, ದನಿ ಆಮೇಲೆ’ ಎಂದೋ ಒಂದು ಸಾಲು ಬೆಳಗಿನಿಂದ ತಲೆಯಲ್ಲಿ ಸುತ್ತುತ್ತಿದೆ. ಎಲ್ಲಿ ಓದಿದೆನೋ, ಯಾರು ಬರೆದರೋ ನೆನಪಿಲ್ಲ. ಯಾವ ಕಡೆಯಿಂದ ಓದಿದರೂ ಅದು ನಮ್ಮ ಮನೆಗೆ ಹೊಂದುವುದಿಲ್ಲ. ಬರೆದವರ ಮನೆಯಲ್ಲಿ ಎಲ್ಲರಿಗೂ ಕಿವಿ ಕೇಳುತ್ತಿತ್ತೆಂದು ಕಾಣುತ್ತದೆ. ಹುಟ್ಟಿನಿಂದಲೇ ಕಿವಿ ಕೇಳದ ಅಮ್ಮನಿಗೆ ನಿನ್ನ ದನಿ ಗೊತ್ತೇ ಇಲ್ಲ, ಇನ್ನು ಮರೆಯುವುದೆಲ್ಲಿಂದ ಬಂತು? ಅವಳಿಗೆ ನೀನೆಂದರೆ ನಿನ್ನ ಎರಡು ಕೈ.

ಸಾಲು ಹಾಗಿರಲಿ. ಮೊನ್ನೆ ನಿನ್ನ ಮೇಲ್ ಬಂದಾಗ ಎಂದಿನಂತೆ ಅಮ್ಮನ ಮುಂದೆ ನಿಂತು ಅದನ್ನೆಲ್ಲ ಕೈಮಾತಿನಲ್ಲಿ ಹೇಳಿದೆ. ಆರೋಗ್ಯವಾಗಿದ್ದಾನೆ, ಕಾರ್ಖಾನೆಯಲ್ಲಿ ಕೆಲಸ ಹೆಚ್ಚು, ಗುತ್ತಿಗೆ ಮುಗಿಯುವವರೆಗೆ ರಜೆ ಇಲ್ಲ. ಅವಳು ಕೊನೆಯವರೆಗೂ ನೋಡಿದಳು. ಆಮೇಲೆ ಕೇಳಿದಳು: “ಇದನ್ನೆಲ್ಲ ಅವನೇ ಹೇಳಿದ್ದು ಅಂತ ನನಗೆ ಹೇಗೆ ಗೊತ್ತಾಗಬೇಕು? ಕೈ ನಿನ್ನದು.”

ಓದಲು ಬಾರದವಳ ಮುಂದೆ ಪತ್ರ ಹಿಡಿದು ಏನು ಪ್ರಯೋಜನ? ಅಮ್ಮ ಎಡಹುಬ್ಬನ್ನು ಮುಟ್ಟಿಕೊಂಡಳು. ತೆವಳುವ ವಯಸ್ಸಿನಲ್ಲಿ ನೀನು ಹೊಸ್ತಿಲಿಗೆ ಬಿದ್ದು ಮಾಡಿಕೊಂಡ ಆ ಗಾಯವೇ ಅವಳು ನಿನಗಿಟ್ಟ ಹೆಸರಲ್ಲವೇ? ಹೆಸರು ಹೇಳಿ, ಅಂಗೈಯನ್ನು ಮೆಲ್ಲಗೆ ಮಗುಚಿದಳು. ತೀರಿಹೋದ ಅಪ್ಪನ ವಿಷಯ ಬಂದಾಗ ಮಾತ್ರ ಹಾಗೆ ಮಗುಚುತ್ತಿದ್ದಳು. ಬಿಚ್ಚಪ್ಪ, ಅಮ್ಮ ನೀನು ಬದುಕಿಲ್ಲವೆಂದು ತಿಳಿದಿದ್ದಾಳೆ. ನಾನು ಮುಚ್ಚಿಡುತ್ತಿದ್ದೇನೆಂದು ತಿಳಿದಿದ್ದಾಳೆ.

ಮೊದಲೆಲ್ಲ ನೀನು ಫೋನನ್ನು ನೀರಿನ ಜಗ್ಗಿಗೆ ಒರಗಿಸಿ ಅವಳೊಂದಿಗೆ ಮಾತಾಡುತ್ತಿದ್ದೆ. ಅದು ಜಾರಿ ಬಿದ್ದು ಬರೀ ಸೂರು ಕಾಣಿಸಿದರೂ ಅಮ್ಮ ನಗುತ್ತಿದ್ದಳು. ಫೋನಿನ ಕ್ಯಾಮೆರಾ ಕೆಟ್ಟಿದೆ ಎಂದು ಅಕ್ಟೋಬರಿನಲ್ಲಿ ಬರೆದೆ. ಅಲ್ಲಿಂದೀಚೆಗೆ ಅವಳು ನಿನ್ನನ್ನು ನೋಡಿಲ್ಲ. ಫೋಟೋ ಕಳಿಸು ಎಂದರೆ ಹಳೆಯದೊಂದನ್ನು ಕಳಿಸಿದೆ. “ಇದು ಹೋದ ವರ್ಷದ ಅಂಗಿ” ಎಂದು ಪಕ್ಕಕ್ಕಿಟ್ಟಳು.

ಅದಕ್ಕೇ ಒಂದು ಕೆಲಸ ಮಾಡಿದ್ದೇನೆ. ಒಂದು ವೆಬ್‌ಕ್ಯಾಮ್ ಕೊಂಡು ತಂದಿದ್ದೇನೆ. ನೀನು ಬಿಟ್ಟುಹೋದ ಕಂಪ್ಯೂಟರಿನ ಪರದೆ ದೊಡ್ಡದು. ಕೂತು ಮಾತಾಡಿದರೆ ತಲೆಯಿಂದ ಸೊಂಟದವರೆಗೆ, ಎರಡೂ ಕೈ ಕಾಣುತ್ತವೆ. ಆದರೆ ನೀನು ಅದರಲ್ಲಿ ಲಿನಕ್ಸ್ ಹಾಕಿಟ್ಟಿದ್ದೀಯ. ಕ್ಯಾಮೆರಾದ ಡಬ್ಬಿಯ ಮೇಲೆ ಬೇರೆ ಎಲ್ಲದರ ಹೆಸರಿದೆ, ಅದರದೊಂದು ಇಲ್ಲ. ಚುಚ್ಚಿದೆ. ದೀಪ ಹತ್ತಲಿಲ್ಲ, ಏನೂ ಆಗಲಿಲ್ಲ. ರೇಡಿಯೊ, ಗಡಿಯಾರ, ಇಸ್ತ್ರಿಪೆಟ್ಟಿಗೆ ಎಲ್ಲ ಬಿಚ್ಚಿ ಬಿಚ್ಚಪ್ಪನೆಂಬ ಹೆಸರು ಸಂಪಾದಿಸಿದವನು ನೀನು. ಈಗ ಅಲ್ಲಿಂದಲೇ ಇದನ್ನು ಜೋಡಿಸಿಕೊಡು. ನೀನೂ ಒಂದು ಕ್ಯಾಮೆರಾ ತಗೋ. ಬೇಗ.

ನಿನ್ನ ಅಕ್ಕ

5 ಫೆಬ್ರವರಿ

ಅಕ್ಕ,

ಡಬ್ಬಿಯ ಮೇಲೆ ಹೆಸರಿಲ್ಲದಿದ್ದರೆ ತಲೆ ಕೆಡಿಸಿಕೊಳ್ಳಬೇಡ. ಈಗಿನ ಬಹಳಷ್ಟು ವೆಬ್‌ಕ್ಯಾಮ್‌ಗಳಿಗೆ ಲಿನಕ್ಸ್‌ನಲ್ಲಿ ಬೇರೆ ಏನೂ ಹಾಕಬೇಕಾಗಿಲ್ಲ. ದೀಪ ಹತ್ತುವುದು ಯಾವುದಾದರೂ ಪ್ರೋಗ್ರಾಂ ಕ್ಯಾಮೆರಾವನ್ನು ಬಳಸಿದಾಗ ಮಾತ್ರ, ಚುಚ್ಚಿದ ತಕ್ಷಣ ಅಲ್ಲ.

ಟರ್ಮಿನಲ್ ತೆಗೆ. ಕಪ್ಪು ಕಿಟಕಿ, ಹೆದರಬೇಡ. ಅದರಲ್ಲಿ ಹೀಗೆ ಬರೆದು ಎಂಟರ್ ಒತ್ತು:

lsusb

ಕಂಪ್ಯೂಟರಿಗೆ ಚುಚ್ಚಿರುವುದೆಲ್ಲ ಸಾಲಾಗಿ ಬರುತ್ತೆ. ಕ್ಯಾಮೆರಾ ಕಂಪನಿಯ ಹೆಸರು ಇದೆಯಾ ನೋಡು. ಇದ್ದರೆ ಅರ್ಧ ಕೆಲಸ ಆಯ್ತು. ಆಮೇಲೆ ಇದು:

ls /dev/video*

ವಿಡಿಯೊ ಸೊನ್ನೆ ಅಂತ ಒಂದು ಕಾಣಬೇಕು. ಅದೇ ನಿನ್ನ ಕ್ಯಾಮೆರಾ. ಚಿತ್ರ ನೋಡಕ್ಕೆ ‘ಚೀಸ್’ ಅನ್ನೋ ಪ್ರೋಗ್ರಾಂ ಮೊದಲೇ ಹಾಕಿಟ್ಟಿದ್ದೇನೆ. ಅದರಲ್ಲಿ ನಿನ್ನ ಮುಖ ನಿನಗೆ ಕನ್ನಡಿಯಲ್ಲಿ ಕಂಡ ಹಾಗೆ ಕಾಣುತ್ತೆ. ಎದುರಿನವರಿಗೆ ಸರಿಯಾಗಿಯೇ ಕಾಣುತ್ತೆ, ಗಾಬರಿಯಾಗಬೇಡ.

ಅಮ್ಮನಿಗೆ ನಾನು ಚೆನ್ನಾಗಿದ್ದೇನೆ ಅಂತ ಹೇಳು. ಕ್ಯಾಮೆರಾ ನೋಡೋಣ. ಇಲ್ಲಿ ನೆಟ್ ಸರಿ ಇಲ್ಲ.

ತಮ್ಮ

8 ಫೆಬ್ರವರಿ

ಬಿಚ್ಚಪ್ಪ,

ಸಾಹಿತ್ಯದಲ್ಲಿ ಎಂ.ಎ. ಮಾಡಿ, ವರ್ಷಗಟ್ಟಲೆ ಮಕ್ಕಳಿಗೆ ಪದ್ಯ ಪಾಠ ಮಾಡಿದವಳು ಈ ಕಪ್ಪು ಕಿಟಕಿಯ ಮುಂದೆ ಒಂದನೇ ತರಗತಿಗೆ ಬಂದು ಕೂತಿದ್ದೇನೆ. ಕ್ಯಾಮೆರಾದ ಹೆಸರು ಸಾಲಿನಲ್ಲಿ ಸಿಕ್ಕಿತು. ಪರೀಕ್ಷೆಯಲ್ಲಿ ಪಾಸಾದವಳ ಹಾಗೆ ಚಪ್ಪಾಳೆ ತಟ್ಟಿದೆ. ಅದನ್ನು ಕಂಡು ಅಮ್ಮ ಓಡಿಬಂದಳು. ನೀನು ಬಂದೆಯೆಂದುಕೊಂಡಳು. ಇನ್ನು ಕೆಲಸ ಪೂರ್ತಿಯಾಗದೆ ಚಪ್ಪಾಳೆ ತಟ್ಟಬಾರದೆಂದು ತೀರ್ಮಾನಿಸಿದ್ದೇನೆ.

ಆಮೇಲಿನ ಆಜ್ಞೆಗೆ ಒಂದಲ್ಲ, ಎರಡು ಬಂದವು: ಸೊನ್ನೆ, ಒಂದು. ಒಂದು ಅಂದರೆ ಮೊದಲನೆಯದು ಅಂದುಕೊಂಡು ಅದನ್ನೇ ಆರಿಸಿದೆ. ಬರೀ ಕತ್ತಲು. ತಂತಿ ಕಿತ್ತೆ, ಚುಚ್ಚಿದೆ, ಇನ್ನೊಂದು ತೂತಿಗೆ ಹಾಕಿದೆ, ಕುರ್ಚಿ ಬದಲಿಸಿದೆ. ಕುರ್ಚಿಗೂ ಅದಕ್ಕೂ ಏನು ಸಂಬಂಧ ಎಂದು ಕೇಳಬೇಡ. ಕೊನೆಗೆ ಸೊನ್ನೆಯನ್ನು ಆರಿಸಿದಾಗ ದೀಪ ಹತ್ತಿ ನನ್ನ ಮೂಗು ಬಂತು. ಒಂದೇ ಕ್ಯಾಮೆರಾಕ್ಕೆ ಎರಡು ಬಾಗಿಲು ಯಾಕೆ? ಒಂದು ತೆರೆಯುವುದೇ ಇಲ್ಲವಾದರೆ ಇಟ್ಟದ್ದೇಕೆ?

ಚಿತ್ರ ಬಂದರೂ ಉಪಯೋಗವಿಲ್ಲ. ಸುಮ್ಮನೆ ಕೂತರೆ ಎಲ್ಲ ಚೆನ್ನಾಗಿದೆ. ಕೈ ಎತ್ತಿ ಮಾತಾಡಿದರೆ ಕೈ ಹೊಗೆಯಾಗುತ್ತದೆ. ಬೆರಳಿಗೆ ಬೆರಳು ಅಂಟಿ ಗಾಳಿಯಲ್ಲಿ ಬಿಳಿ ಪಟ್ಟೆಯೊಂದು ಎಳೆದ ಹಾಗೆ. ಅಮ್ಮ ನೋಡಿ, “ಇದಕ್ಕೆ ತೊದಲು” ಎಂದಳು.

ನಿನಗೆ ಒಂದು ಮಾತು. ನನ್ನ ಕಂಪ್ಯೂಟರಿನ ಬಗ್ಗೆ ಪುಟಗಟ್ಟಲೆ ಬರೆಯುತ್ತೀಯ, ನಿನ್ನ ಬಗ್ಗೆ ಒಂದು ಸಾಲು. ರಜೆ ಹಾಕಿ ಬಾ ಎಂದು ಒತ್ತಾಯಿಸಿದ್ದಕ್ಕೆ ಬೇಸರವೇ? ಬೇಸರವಿದ್ದರೆ ಅದನ್ನೇ ಬರೆ. ಬೈದರೂ ಪರವಾಗಿಲ್ಲ, ಉದ್ದವಾಗಿ ಬೈ.

ಅಕ್ಕ

11 ಫೆಬ್ರವರಿ

ಪದ್ಯದಕ್ಕಾ,

ಬೇಸರ ಏನಿಲ್ಲ. ಕೆಲಸ ಜಾಸ್ತಿ.

ಎರಡನೇ ಬಾಗಿಲಿಂದ ಚಿತ್ರ ಬರಲ್ಲ, ಚಿತ್ರದ ಬಗೆಗಿನ ಲೆಕ್ಕಾಚಾರ ಮಾತ್ರ ಬರುತ್ತೆ. ಅದನ್ನು ಅದರ ಪಾಡಿಗೆ ಬಿಡು.

ಕೈ ಹೊಗೆಯಾಗುವುದಕ್ಕೆ ಕಾರಣ ಬೆಳಕು. ಕೋಣೆ ಮಬ್ಬಾಗಿದ್ದರೆ ಕ್ಯಾಮೆರಾ ಒಂದೊಂದು ಚಿತ್ರಕ್ಕೂ ಹೆಚ್ಚು ಹೊತ್ತು ಕಣ್ಣು ತೆರೆದು ಕೂರುತ್ತೆ. ಅಷ್ಟರಲ್ಲಿ ಕೈ ಓಡಿಹೋಗಿರುತ್ತೆ. ಬಾಯಲ್ಲಿ ಮಾತಾಡುವವರಿಗೆ ಇದು ಗೊತ್ತೇ ಆಗಲ್ಲ, ನಮ್ಮಂಥವರಿಗೆ ಇದೇ ಎಲ್ಲ. ಮೇಜನ್ನು ಕಿಟಕಿಗೆ ಎದುರಾಗಿ ಹಾಕು. ಬೆಳಕು ಬೆನ್ನಿಗಲ್ಲ, ಮುಖಕ್ಕೆ ಬೀಳಬೇಕು. ಚಿತ್ರದ ಅಳತೆ ಚಿಕ್ಕದು ಮಾಡು, ಅಂದ ಬೇಡ, ವೇಗ ಬೇಕು. ಆಮೇಲೆ ಇದು:

v4l2-ctl -d /dev/video0 -c exposure_auto_priority=0

ಕತ್ತಲಿದ್ದರೂ ನಿಧಾನ ಮಾಡಬೇಡ ಅಂತ ಅದಕ್ಕೆ ಹೇಳಿದ ಹಾಗೆ. ಒಂದೊಂದು ಕ್ಯಾಮೆರಾದಲ್ಲಿ ಇದರ ಹೆಸರು ಬೇರೆ ಇರುತ್ತೆ. ಕೊನೆಗೆ -L ಹಾಕಿ ಕೇಳಿದರೆ ತನಗೆ ಏನೇನು ಬರುತ್ತೆ ಅಂತ ಕ್ಯಾಮೆರಾನೇ ಪಟ್ಟಿ ಕೊಡುತ್ತೆ.

ತಮ್ಮ

14 ಫೆಬ್ರವರಿ

ಬಿಚ್ಚಪ್ಪ,

ಬಂತು! ಕೈ ಬಂತು. ಐದೂ ಬೆರಳು ಬೇರೆ ಬೇರೆಯಾಗಿ.

ಮೇಜನ್ನು ಎಳೆದದ್ದು ಅಮ್ಮನೇ. ಕಪಾಟು ಸರಿಸಿ, ನನ್ನ ಪುಸ್ತಕಗಳನ್ನೆಲ್ಲ ನೆಲಕ್ಕೆ ಹಾಕಿ ಕಿಟಕಿಯ ಮುಂದೆ ಜಾಗ ಮಾಡಿದಳು. ನಾನು ನಿನ್ನ ಆಜ್ಞೆಯನ್ನು ಮೂರು ಸಲ ತಪ್ಪು ಬರೆದು ನಾಲ್ಕನೆಯ ಸಲ ಗೆದ್ದೆ. ಅಮ್ಮ ಪರದೆಯ ಮುಂದೆ ಕೂತು ‘ಉಪ್ಪು’ ಎಂದಳು, ‘ಕೀಲಿ’ ಎಂದಳು, ‘ಹೋಗು, ಬಾ, ನಿಲ್ಲು’ ಎಂದಳು. ಒಂದೂ ಅಳಿಸಿಹೋಗಲಿಲ್ಲ. ತನ್ನ ಕೈಯನ್ನು ತಾನೇ ಎದುರಿನಿಂದ ನೋಡಿದ್ದು ಇದೇ ಮೊದಲಿರಬೇಕು. “ನಾನು ಇಷ್ಟು ಬೇಗ ಮಾತಾಡ್ತೀನಾ? ಪಾಪ ನೀವಿಬ್ಬರು” ಎಂದಳು. ಚಿತ್ರವೊಂದನ್ನು ಇದರ ಜೊತೆ ಕಳಿಸಿದ್ದೇನೆ, ನೋಡು. ‘ಯಾವಾಗ?’ ಎಂದು ಕೇಳುತ್ತಿದ್ದಾಳೆ.

ಅಡುಗೆಮನೆಯಲ್ಲಿ ಹುಟ್ಟಿದ ಈ ಮಾತು ಯಾವ ಪುಸ್ತಕದಲ್ಲೂ ಇಲ್ಲ, ಯಾವ ಶಾಲೆಯಲ್ಲೂ ಇಲ್ಲ. ಅಪ್ಪ ಹೋದ ಮೇಲೆ ಇದನ್ನು ಬಲ್ಲವರು ನಾವು ಮೂವರೇ. ಈಗ ಮೂರನೆಯವನನ್ನು ಬಿಟ್ಟು ಎಲ್ಲ ಸಿದ್ಧವಾಗಿದೆ. ಅಮ್ಮ ಬೆಳಗ್ಗೆ ತಲೆ ಬಾಚಿಕೊಂಡು ಬಂದು ಆ ಕುರ್ಚಿಯಲ್ಲಿ ಕೂರುತ್ತಾಳೆ. ನಾನು ಶಾಲೆಯಿಂದ ಬರುವಾಗಲೂ ಅಲ್ಲೇ ಇರುತ್ತಾಳೆ. ಎದ್ದು ಒಂದು ಸುತ್ತು ಹಾಕಿ ಮತ್ತೆ ಕೂರುತ್ತಾಳೆ. ಪರದೆ ಆರಿರುತ್ತದೆ.

ಕ್ಯಾಮೆರಾ ಕೊಂಡೆಯಾ?

ಅಕ್ಕ

24 ಫೆಬ್ರವರಿ

ತಮ್ಮನಿಗೆ,

ನೀನು ಉತ್ತರ ಬರೆದಿಲ್ಲ. ನೆಟ್ ಇಲ್ಲವೋ, ಮನಸ್ಸಿಲ್ಲವೋ ತಿಳಿಯದು.

ಇವತ್ತು ಶಾಲೆಯಿಂದ ಬಂದಾಗ ಅಮ್ಮ ಕುರ್ಚಿಯಲ್ಲಿರಲಿಲ್ಲ. ನಿನ್ನ ಬಟ್ಟೆಗಳನ್ನೆಲ್ಲ ಬೀರುವಿನಿಂದ ತೆಗೆದು, ಒಗೆದವನ್ನೂ ಇನ್ನೊಮ್ಮೆ ಒಗೆದು, ಮಡಿಸಿ ಒಂದು ಚೀಲಕ್ಕೆ ತುಂಬಿದ್ದಳು. “ಯಾರಿಗಾದರೂ ಕೊಡು. ಇಟ್ಟುಕೊಂಡು ಏನು ಮಾಡೋದು?” ನಾನು ಬೇಡವೆಂದು ಹೇಳಲು ಕೈ ಎತ್ತಿದೆ. ಅವಳು ಕಣ್ಣು ಮುಚ್ಚಿಕೊಂಡಳು.

ನಿನಗೆ ನೆನಪಿದೆಯಲ್ಲ, ಅವಳ ಸಿಟ್ಟಿನ ಕೊನೆಯ ಮೆಟ್ಟಿಲು ಅದು. ಅಮ್ಮ ಕಣ್ಣು ಮುಚ್ಚಿದರೆ ಮೂಕಿಯಾಗುವವಳು ನಾನು.

ನಿನಗೆ ಅಲ್ಲಿ ಯಾರಾದರೂ ಜೊತೆಯಾಗಿದ್ದಾರೆಯೇ, ಈ ಮನೆ ಬೇಡವಾಗಿದೆಯೇ, ನಾನು ಏನನ್ನೂ ಕೇಳುವುದಿಲ್ಲ. ಐದು ನಿಮಿಷ ಆ ಕ್ಯಾಮೆರಾದ ಮುಂದೆ ಕೂರು. ‘ಇದ್ದೇನೆ’ ಎಂದು ಹೇಳಿ ಎದ್ದುಹೋಗು. ಅಷ್ಟು ಸಾಕು.

ಅಕ್ಕ

26 ಫೆಬ್ರವರಿ

ಅಕ್ಕ,

ಕ್ಯಾಮೆರಾ ತಗೊಂಡಿದ್ದೇನೆ. ಭಾನುವಾರ ಬೆಳಗ್ಗೆ ಹತ್ತಕ್ಕೆ. ಲಿಂಕ್ ಕಳಿಸ್ತೀನಿ, ಒತ್ತಿದರೆ ಸಾಕು. ಹಿಂದುಗಡೆ ಬಿಳಿ ಬಟ್ಟೆ ಕಟ್ಟಿದ್ದೇನೆ, ಕೈ ಚೆನ್ನಾಗಿ ಕಾಣಲಿ ಅಂತ. ಹೆಚ್ಚು ಹೊತ್ತು ಆಗಲ್ಲ, ಪಾಳಿ ಇದೆ.

ಚೀಲ ಯಾರಿಗೂ ಕೊಡಬೇಡ.

ತಮ್ಮ

2 ಮಾರ್ಚ್

ಬಿಚ್ಚಪ್ಪ,

ನಿನ್ನೆ ನೀನು ಕರೆ ಮುಗಿಸಿದ ಮೇಲೆ ನಡೆದದ್ದನ್ನು ಹೇಗೆ ಬರೆಯಲಿ?

ನನ್ನ ಪಾಲಿಗೆ ಎಲ್ಲ ಸರಿಯಾಗಿತ್ತು. ಚಿತ್ರ ನಿಲ್ಲಲಿಲ್ಲ, ಕೈ ಹೊಗೆಯಾಗಲಿಲ್ಲ. ನಾನು ಅಮ್ಮನ ಬೆನ್ನ ಹಿಂದೆ ನಿಂತು ಪರದೆಯ ಮೇಲಿನ ನಿನ್ನ ಕೈಯನ್ನೇ ನೋಡುತ್ತಿದ್ದೆ. ವೇಗ ಸಾಲುತ್ತಿದೆಯೇ, ಬೆರಳು ಬಿಡಿಬಿಡಿಯಾಗಿ ಬರುತ್ತಿದೆಯೇ ಎಂದು. ‘ಚೆನ್ನಾಗಿದ್ದೇನೆ, ಉಂಡೆ, ಕೆಲಸ ಇದೆ, ಬರುತ್ತೇನೆ’ ಎಂದೆ ನೀನು. ಸ್ವಲ್ಪ ಇಳಿದಿದ್ದೀಯ ಅನಿಸಿತು. ಮಾತು ಕಡಿಮೆಯಾಗಿದೆ ಅನಿಸಿತು. ಆದರೂ ಗೆದ್ದೆವೆಂದುಕೊಂಡೆ. ಕರೆ ಮುಗಿಯಿತು, ಅಮ್ಮನನ್ನು ನನ್ನ ಕಡೆ ತಿರುಗಿಸಿ “ಈಗ ನಂಬಿಕೆ ಬಂತಾ?” ಎಂದು ಕೇಳಿದೆ.

“ಯಾರನ್ನ ಕರೆತಂದೆ?” ಎಂದಳು.

ನನಗೆ ಅರ್ಥವಾಗಲಿಲ್ಲ. ಅವಳು ಎಡಹುಬ್ಬು ಮುಟ್ಟಿದಳು, ಇಲ್ಲವೆಂದು ತಲೆಯಾಡಿಸಿದಳು. “ಅವನಲ್ಲ. ಅವನ ಹಾಗೇ ಇದ್ದಾನೆ. ನಮ್ಮ ಮಾತು ನಾಲ್ಕು ಕಲಿಸಿದ್ದೀಯ. ಪಾಪ, ಆ ಹುಡುಗನಿಗೂ ಮನಸ್ಸಿರಲಿಲ್ಲ.” ಆಮೇಲೆ ನನ್ನ ಕೆನ್ನೆ ಸವರಿದಳು. ಸಿಟ್ಟಾಗಿದ್ದರೆ ತಡೆಯುತ್ತಿದ್ದೆ. “ನಿನಗೂ ಕಷ್ಟ, ಗೊತ್ತು” ಎಂದು ಸಮಾಧಾನ ಹೇಳಿದಳಲ್ಲ, ಅದನ್ನು ತಡೆಯಲಾಗಲಿಲ್ಲ.

ಈಗ ಕುರ್ಚಿಯಲ್ಲೂ ಕೂರುವುದಿಲ್ಲ. ಬಾಗಿಲಿನಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಬಾಗಿಲಿಗೆ ನಡೆಯುತ್ತಾಳೆ. ಅವಳ ಹಿಂದೆ ನಾನೂ ನಡೆಯುತ್ತೇನೆ. ನಮ್ಮನ್ನು ಯಾರಾದರೂ ನೋಡಿದರೆ ಏನೋ ಕಳೆದುಕೊಂಡು ಹುಡುಕುತ್ತಿದ್ದಾರೆ ಎಂದುಕೊಂಡಾರು.

ಅಕ್ಕ

3 ಮಾರ್ಚ್

ಅಕ್ಕ,

ಅಮ್ಮನಿಗೆ ವಯಸ್ಸಾಯ್ತು. ಕಣ್ಣು ಮಂಜಾಗಿರಬಹುದು. ಒಂದು ಸಲ ಕಣ್ಣಿನ ಡಾಕ್ಟರಿಗೆ ತೋರಿಸು.

ತಮ್ಮ

9 ಮಾರ್ಚ್

ತಮ್ಮಾ,

ಕಣ್ಣಿನ ಡಾಕ್ಟರಿಗೆ ತೋರಿಸಿದೆ. ಅವರು ಗೋಡೆಯ ಮೇಲಿನ ಅಕ್ಷರ ಓದಿ ಎಂದರು. ಓದು ಬರದು, ಕಿವಿ ಕೇಳದು ಎಂದು ನಾನು ಹೇಳಿದೆ. ಅಕ್ಷರದ ಬದಲು ಬೇರೆ ಬೇರೆ ದಿಕ್ಕಿಗೆ ಬಾಯ್ದೆರೆದ ಗುರುತುಗಳ ಪಟ್ಟಿ ತಂದರು. ಅಮ್ಮ ಕೊನೆಯ ಸಾಲಿನವರೆಗೆ ಒಂದೂ ತಪ್ಪದೆ ಕೈ ತೋರಿಸಿದಳು. “ಈ ವಯಸ್ಸಿಗೆ ಇಂಥ ಕಣ್ಣು! ನಿಮಗೇ ಕನ್ನಡಕ ಬೇಕಾಗಿದೆ, ನೋಡಿ” ಎಂದು ನನಗೇ ಚೀಟಿ ಬರೆದುಕೊಟ್ಟರು. ದಾರಿಯುದ್ದಕ್ಕೂ ಅಮ್ಮ ಅದನ್ನು ಹೇಳಿಕೊಂಡು ನಕ್ಕಳು. ಅವಳು ನಕ್ಕು ಎಷ್ಟು ದಿನವಾಗಿತ್ತು.

ಮನೆಗೆ ಬಂದು ನಿನ್ನ ಬಟ್ಟೆಯ ಚೀಲ ಬಿಚ್ಚಿದೆ. ಅವಳು ಏನಾದರೂ ಅಂದುಕೊಳ್ಳಲಿ, ನಾನು ಎಲ್ಲವನ್ನೂ ಬೀರುವಿನಲ್ಲಿ ಮತ್ತೆ ಜೋಡಿಸಿಬಿಡುತ್ತೇನೆಂದು ಹಟ. ಒಂದರ ಮೇಲೊಂದು ಅಂಗಿ ಇಡುತ್ತಾ ಹೋದೆ. ಮಡಿಸಿದ ಪ್ರತಿ ಅಂಗಿಯಲ್ಲೂ ಜೇಬು ಎದೆಯ ಎಡಗಡೆ. ಎಲ್ಲ ಗಂಡಸರ ಅಂಗಿಯಲ್ಲೂ ಅಲ್ಲೇ ಇರುತ್ತದೆ, ಅದರಲ್ಲೇನು? ಆದರೆ ನನ್ನ ಕೈ ನಿಂತುಬಿಟ್ಟಿತು. ಕರೆ ನಡೆಯುವಾಗ ಪರದೆಯ ಒಂದು ಚಿತ್ರ ಹಿಡಿದಿಟ್ಟಿದ್ದೆ. ತೆಗೆದು ನೋಡಿದೆ. ನಿನ್ನ ಜೇಬು ಬಲಗಡೆ ಇತ್ತು.

ನನ್ನ ಮುಖ ನನಗೆ ಕನ್ನಡಿಯಂತೆ ಕಾಣುತ್ತದೆ, ಎದುರಿನವರಿಗೆ ಸರಿಯಾಗಿ ಕಾಣುತ್ತದೆ ಎಂದು ಬರೆದವನು ನೀನೇ. ಹಾಗಾದರೆ ನೀನು ನಮಗೆ ಕನ್ನಡಿಯಂತೆ ಏಕೆ ಕಂಡೆ? ಮೊದಲು ಕ್ಯಾಮೆರಾದ ತಪ್ಪೆಂದುಕೊಂಡು, ಪಾಪ ಇವನಿಗೇ ಗೊತ್ತಾಗಿಲ್ಲ, ನಾನು ಹೇಳಿಕೊಡಬಹುದು ಎಂದು ಹಿಗ್ಗಿದೆ ಕೂಡ. ಆ -L ಹಾಕಿ ನನ್ನ ಕ್ಯಾಮೆರಾದ ಪಟ್ಟಿ ತೆಗೆದೆ. ಚಿತ್ರವನ್ನು ಎಡಬಲ ತಿರುಗಿಸುವ ಒಂದು ಸಾಲಿತ್ತು. ಅದರ ಮುಂದೆ ಸೊನ್ನೆ ಇತ್ತು. ಯಾರಾದರೂ ಒಂದು ಎಂದು ಹಾಕದೆ ಅದು ತಾನಾಗಿ ತಿರುಗುವುದಿಲ್ಲ.

ಹಿಡಿದಿಟ್ಟ ಚಿತ್ರವನ್ನು ಎಡಬಲ ತಿರುಗಿಸಿದೆ. ಹುಬ್ಬಿನ ಗಾಯ ಅದರ ಜಾಗಕ್ಕೆ ಬಂತು. ಬೈತಲೆ ಬಂತು. ಜೇಬು ಬಂತು. ಪರದೆಯಲ್ಲಿ ನೀನು ಬಂದೆ, ನನ್ನ ತಮ್ಮ ಬಂದ. ಅಮ್ಮ ಒಂದು ನೋಟಕ್ಕೆ ಕಂಡದ್ದನ್ನು ನಾನು ಒಂದು ವಾರ ಕಾಣಲಿಲ್ಲ.

ಆದರೆ ಆ ಚಿತ್ರದಲ್ಲಿ ಮಾತಾಡುತ್ತಿದ್ದ ಕೈ ಎಡಗೈ. ಇನ್ನೊಂದು ಚೌಕಟ್ಟಿನ ಕೆಳಗಿದೆ.

ನಿನ್ನ ಬಲಗೈ ಎಲ್ಲಿ?

ಅಕ್ಕ

15 ಮಾರ್ಚ್

ಅಕ್ಕ,

ಈ ಪತ್ರ ಎಷ್ಟು ಸಲ ಬರೆದು ಅಳಿಸಿದೆನೋ.

ಕೈ ಇದೆ. ತೋರುಬೆರಳು, ನಡುಬೆರಳು ಇಲ್ಲ. ಅಕ್ಟೋಬರಿನಲ್ಲಿ ರಟ್ಟು ಕತ್ತರಿಸುವ ಯಂತ್ರದಲ್ಲಿ ಹೋಯಿತು. ಸಿಕ್ಕಿಕೊಂಡ ರಟ್ಟು ತೆಗೆಯುವಾಗ ಯಂತ್ರ ಪೂರ್ತಿ ನಿಂತಿರಲಿಲ್ಲ. ಫೋನ್ ಚೆನ್ನಾಗೇ ಇದೆ. ಈಗ ಗೋದಾಮಿನಲ್ಲಿ ಹಗುರ ಕೆಲಸ ಕೊಟ್ಟಿದ್ದಾರೆ. ನೋವು ಕಡಿಮೆಯಾಗಿದೆ. ಟೈಪ್ ಮಾಡಕ್ಕೆ ಎಡಗೈ. ಅದಕ್ಕೇ ನಿನಗೆ ಉದ್ದ ಬೈಗುಳ ಬರಲಿಲ್ಲ.

ಆಸ್ಪತ್ರೆಯಲ್ಲಿ ಎಲ್ಲರೂ ಕೇಳಿದ್ದು ಒಂದೇ: ಇನ್ನು ಕೆಲಸ ಹೇಗೆ ಮಾಡ್ತೀಯ? ಇನ್ನು ಮಾತು ಹೇಗೆ ಆಡ್ತೀಯ ಅಂತ ಯಾರೂ ಕೇಳಲಿಲ್ಲ. ಅವರಿಗೇನು ಗೊತ್ತು? ಗಾಯದ ಪಟ್ಟಿ ಬಿಚ್ಚಿದ ದಿನ ಕನ್ನಡಿ ಮುಂದೆ ನಿಂತು ಒಂದೊಂದೇ ಮಾತು ಹೇಳಿ ನೋಡಿದೆ. ‘ನೀರು’ ಬರುತ್ತೆ. ‘ಕೀಲಿ’ ಬರಲ್ಲ. ‘ನಾಳೆ’ ಬರಲ್ಲ. ‘ಅಕ್ಕ’ ಅರ್ಧ ಬರುತ್ತೆ. ಗದ್ದಕ್ಕೆ ತೋರುಬೆರಳು ಮುಟ್ಟಿಸಿದರೆ ಅಮ್ಮ. ಅದು ಬರಲ್ಲ ಅಕ್ಕ.

ಎಡಗೈಯಲ್ಲಿ ಹೇಳೋಣ ಅಂದರೆ, ಚಿಕ್ಕಂದಿನಲ್ಲಿ ಸಕ್ಕರೆ ಕದ್ದು ಬೆನ್ನ ಹಿಂದೆ ಹಿಡಿದು ಎಡಗೈಯಲ್ಲಿ ಮಾತಾಡಿದಾಗಲೆಲ್ಲ ಅಮ್ಮ ಕೇಳ್ತಿದ್ದದ್ದು ನೆನಪಿದೆಯಾ? ಬಲಗೈಯಲ್ಲಿ ಏನು ಬಚ್ಚಿಟ್ಟಿದ್ದೀಯ? ಎಡಗೈ ಎತ್ತಿದ ಮರುಕ್ಷಣ ಕೇಳ್ತಾಳೆ. ಅದಕ್ಕೆ ಚಿತ್ರ ತಿರುಗಿಸಿದೆ. ಎಡಗೈ ಬಲಗೈ ಆಗುತ್ತೆ, ಯಾರಿಗೂ ಗೊತ್ತಾಗಲ್ಲ ಅಂದುಕೊಂಡೆ. ಹುಬ್ಬು ನೆನಪಾಗಲೇ ಇಲ್ಲ. ನನ್ನ ಹೆಸರು ನಾನೇ ಮರೆತ ಹಾಗಾಯ್ತು.

ಕಣ್ಣಿನ ಡಾಕ್ಟರ ವಿಷಯ ಬರೆದದ್ದಕ್ಕೆ ಬೈ. ಏನು ಹೇಳಬೇಕೋ ತಿಳಿಯಲಿಲ್ಲ.

ಅಮ್ಮನಿಗೆ ನೀನೇ ಹೇಳಿಬಿಡು. ನನ್ನ ಕೈಲಾಗಲ್ಲ.

ತಮ್ಮ

16 ಮಾರ್ಚ್

ಬಿಚ್ಚಪ್ಪ,

ಬೈಗುಳವನ್ನೆಲ್ಲ ನೀನು ಮನೆಗೆ ಬರುವ ದಿನಕ್ಕೆ ತೆಗೆದಿಟ್ಟಿದ್ದೇನೆ. ನಿನ್ನ ಪತ್ರ ಓದಿ ನಾನು ಏನು ಮಾಡಿದೆನೆಂದು ಬರೆಯುವುದಿಲ್ಲ. ಅಮ್ಮ ಅಡುಗೆಮನೆಯಲ್ಲಿದ್ದಳು, ನನ್ನ ಬೆನ್ನು ಅವಳ ಕಡೆಗಿತ್ತು, ಅಷ್ಟು ಪುಣ್ಯ.

ಅಮ್ಮನಿಗೆ ನಾನು ಏನೂ ಹೇಳಿಲ್ಲ, ಹೇಳುವುದೂ ಇಲ್ಲ. ಹೇಳಿದರೆ ಅದೂ ನನ್ನ ಕೈಯ ಮಾತೇ ಆಗುತ್ತದೆ. ಮಗ ಸತ್ತದ್ದನ್ನು ಮುಚ್ಚಿಡಲು ಈಗ ಬೆರಳಿನ ಕತೆ ಕಟ್ಟಿದ್ದಾಳೆ ಅಂದುಕೊಳ್ಳುತ್ತಾಳೆ. ನೀನೇ ಬರಬೇಕು. ಇರುವ ಹಾಗೆ ಬರಬೇಕು.

ಭಾನುವಾರ, ಹತ್ತು ಗಂಟೆ. ಆ ಬಿಳಿ ಬಟ್ಟೆ ಕಿತ್ತುಹಾಕು, ನಿನ್ನ ಕೋಣೆ ಕಾಣಲಿ. ಕಿಟಕಿಗೆ ಮುಖ ಮಾಡಿ ಕೂರು. ಇದನ್ನು ಬರೆದು ಎಂಟರ್ ಒತ್ತು, ನಿನ್ನಿಂದಲೇ ಕಲಿತದ್ದು:

v4l2-ctl -d /dev/video0 -c horizontal_flip=0

ಅಕ್ಕ

23 ಮಾರ್ಚ್

ನನ್ನ ಪ್ರೀತಿಯ ತಮ್ಮಾ,

ನಿನ್ನೆ ನೀನು ಕಂಡದ್ದು ಚೌಕಟ್ಟಿನೊಳಗಿನದಷ್ಟೇ. ಉಳಿದದ್ದನ್ನು ಬರೆಯದಿದ್ದರೆ ನನಗೆ ಕೂತಲ್ಲಿ ಕೂರಲಾಗದು.

ಅಮ್ಮ ಬರಲು ಒಪ್ಪಿರಲಿಲ್ಲ. “ಮತ್ತೆ ಆ ಹುಡುಗನಾ? ಬೇಡ, ಬಿಡು” ಎಂದು ಬಾಗಿಲಲ್ಲೇ ನಿಂತಿದ್ದಳು. ನಾನು ಕೈ ಹಿಡಿದು ಎಳೆದು ತಂದು ಕೂರಿಸಿದೆ. ಪರದೆ ಬೆಳಗಿತು. ಅವಳು ಮೊದಲು ಹುಬ್ಬು ನೋಡಿದಳು. ಎದ್ದುಹೋಗಲು ಕುರ್ಚಿಯ ಅಂಚು ಹಿಡಿದಿದ್ದ ಅವಳ ಎಡಗೈ ಸಡಿಲವಾದದ್ದು ನನಗೆ ಕಂಡಿತು. ಅಷ್ಟರಲ್ಲಿ ನೀನು ಬಲಗೈ ಎತ್ತಿದೆ.

ಆಮೇಲೆ ಅಮ್ಮ ಅಲುಗಲಿಲ್ಲ. “ಚಿತ್ರ ನಿಂತುಹೋಯ್ತಾ ಅಕ್ಕ?” ಎಂದು ನೀನು ಗಾಬರಿಯಿಂದ ಕೂಗಿದೆ. ಚಿತ್ರ ನಿಂತಿರಲಿಲ್ಲ, ಕಣೋ. ಮೇಜಿನ ಕೆಳಗೆ, ನಿನ್ನ ಕಣ್ಣಿಗೆ ಬೀಳದ ಕಡೆ, ಅವಳು ತನ್ನ ಬಲಗೈಯ ಎರಡು ಬೆರಳು ಮಡಿಸುತ್ತಿದ್ದಳು. ಮಡಿಸಿ ನೋಡುವಳು, ಬಿಚ್ಚುವಳು, ಮತ್ತೆ ಮಡಿಸುವಳು. ಮೊದಲು ಅಳುತ್ತಿದ್ದಾಳೆಂದುಕೊಂಡೆ. ಅಲ್ಲ. ಯಾವ ಯಾವ ಮಾತು ಉಳಿದಿದೆ ಎಂದು ನೋಡುತ್ತಿದ್ದಳು. ಆ ಕೈಯನ್ನು ಹಾಗೆಯೇ, ಎರಡು ಬೆರಳು ಮಡಿಸಿದಂತೆಯೇ ಮೇಲೆತ್ತಿ ನಿನ್ನನ್ನು ಮೊದಲು ಕೇಳಿದ್ದು, ನೋವಿದೆಯಾ ಎಂದು. ನಿನಗೆ ಅರ್ಥವಾಯಿತು. ನನಗೂ ಆಯಿತು. ಮೂರು ಬೆರಳಿನಲ್ಲಿ ಆ ಮಾತನ್ನು ಹೇಳಬಹುದೆಂದು ನಮ್ಮಿಬ್ಬರಿಗೂ ಅದುವರೆಗೆ ಗೊತ್ತಿರಲಿಲ್ಲ.

ಆಮೇಲೆ ಬಿತ್ತಲ್ಲ ಬೈಗುಳ! ಎರಡೂ ಕೈಯಲ್ಲಿ, ಯಾವ ಕ್ಯಾಮೆರಾದ ಲೆಕ್ಕಕ್ಕೂ ಸಿಗದ ವೇಗದಲ್ಲಿ. “ಬೆರಳು ಹೋದರೆ ಹೋಗಲಿ, ಬುದ್ಧಿ ಎಲ್ಲಿ ಹೋಗಿತ್ತು? ನಾನು ಸತ್ತವನಿಗೆ ಬಟ್ಟೆ ಒಗೆದೆನಲ್ಲೋ!” ನೀನು ತಲೆ ತಗ್ಗಿಸಿ ಕೂತೆ. ತಲೆ ತಗ್ಗಿಸಿದರೆ ಬೈಗುಳ ಕಾಣುವುದಿಲ್ಲವೆಂದು ಚಿಕ್ಕಂದಿನಿಂದ ಕಲಿತ ಉಪಾಯ. ಅವಳು ಮೇಜು ಗುದ್ದಿ ಗುದ್ದಿ ನಿನ್ನ ಮುಖ ಎತ್ತಿಸಿದಳು. ನೀನು ಅಷ್ಟು ದೂರದಲ್ಲಿ ಸದ್ದಿಗೆ ಬೆಚ್ಚಿದೆ, ನೋಡಿದೆ ನಾನು.

ಕೊನೆಗೆ ನೀನು ಗದ್ದದ ಹತ್ತಿರ ಕೈ ತಂದು, ಇಲ್ಲದ ಬೆರಳಿನಿಂದ ‘ಅಮ್ಮ’ ಎನ್ನಲು ಹೋಗಿ ಅರ್ಧಕ್ಕೆ ನಿಲ್ಲಿಸಿದೆ. ಅವಳು ಬೇಡ ಎಂದು ತಲೆಯಾಡಿಸಿದಳು. ಹೆಬ್ಬೆರಳನ್ನು ಗದ್ದಕ್ಕೆ ಮುಟ್ಟಿಸಿ ತೋರಿಸಿದಳು. “ಇನ್ನು ಮೇಲೆ ನಾನು ಹೀಗೆ.” ಹುಟ್ಟಿದಾಗಿನಿಂದ ನಾವಿಬ್ಬರೂ ಕರೆದ ಹೆಸರನ್ನು ಒಂದು ಉಸಿರಿನಲ್ಲಿ ಬಿಟ್ಟುಕೊಟ್ಟಳು, ತಮ್ಮಾ. ನಾನು ಹಳೆಯ ರೂಢಿಯಲ್ಲಿ ತೋರುಬೆರಳು ಮುಟ್ಟಿಸಿದರೆ ಈಗ ತಿರುಗಿಯೂ ನೋಡುವುದಿಲ್ಲ. ನಿನ್ನೆಯಿಂದ ಎರಡು ಸಲ ಪರೀಕ್ಷಿಸಿದೆ.

ನಿನ್ನ ಕರೆ ಮುಗಿದ ಮೇಲೆ ಅವಳು ನಿಂತಲ್ಲಿ ನಿಲ್ಲಲಿಲ್ಲ. ‘ಕೀಲಿ’ ಬರುವುದಿಲ್ಲ ಎಂದೆಯಲ್ಲ? ಬಾಗಿಲಿಗೆ ಹೋಗಿ ಕೀಲಿಯನ್ನು ಮೂರು ಬೆರಳಿನಲ್ಲಿ ತಿರುಗಿಸಿ ನೋಡಿದಳು, ಅಲ್ಲಿಂದಲೇ ಹೊಸ ‘ಕೀಲಿ’ ತಂದಳು. ‘ನಾಳೆ’ ಎಂಬುದಕ್ಕೂ ಏನೋ ಮಾಡಿದ್ದಾಳೆ, ನೀನೇ ನೋಡು, ನಾನು ಹೇಳುವುದಿಲ್ಲ. ‘ಅಕ್ಕ’ ಮಾತ್ರ ಇನ್ನೂ ಸರಿಹೋಗಿಲ್ಲ, ನನ್ನನ್ನು ಮೂರು ನಾಲ್ಕು ವಿಧದಲ್ಲಿ ಕರೆದು ನೋಡುತ್ತಿದ್ದಾಳೆ. ಒಂದೊಂದು ಮಾತು ಸಿಕ್ಕಿದಾಗಲೂ ನನಗೆ ತೋರಿಸಬೇಕು. ನಾನು ಬೇರೆ ಕೋಣೆಯಲ್ಲಿದ್ದರೆ ನೆಲಕ್ಕೆ ಕಾಲು ಅಪ್ಪಳಿಸಿ ಕರೆಯುತ್ತಾಳೆ. ನಾನು ಓಡಿಹೋಗಿ ನೋಡಿ, ಒಪ್ಪಿದರೆ ನಾನೂ ಅಪ್ಪಳಿಸಬೇಕು. ಹಾಗೆಂದು ಅವಳದೇ ನಿಯಮ. ಮಧ್ಯಾಹ್ನದವರೆಗೂ ಇದೇ ನಡೆಯಿತು. ಒಲೆಯ ಮೇಲಿನದು ಹೊತ್ತಿಹೋಯಿತು, ಅದನ್ನೂ ಹೊಸ ಮಾತಿನಲ್ಲಿ ಹೇಳಿದಳು.

ಆಗ ಬಾಗಿಲು ಬಡಿದ ಸದ್ದು. ಕೆಳಗಿನ ಮನೆಗೆ ಹೊಸದಾಗಿ ಬಂದ ನರ್ಸ್. ರಾತ್ರಿ ಪಾಳಿ ಮುಗಿಸಿ ಹಗಲು ಮಲಗುವವರು. ಕೂದಲು ಕೆದರಿತ್ತು, ಕಣ್ಣು ಕೆಂಪಾಗಿತ್ತು. ಮೆಟ್ಟಿಲಲ್ಲಿ ಎದುರಾದರೆ ನಕ್ಕು ಹೋಗುತ್ತಾರೆ, ನಾನು ಟೀಚರೆಂಬುದು ಬಿಟ್ಟರೆ ನಮ್ಮ ಮನೆಯ ವಿಷಯ ಅವರಿಗೆ ಏನೂ ಗೊತ್ತಿಲ್ಲ. ನನ್ನ ಹೆಗಲ ಮೇಲಿಂದ ಒಳಗೆ ನೋಡಿದರು. ಅಮ್ಮ ಗದ್ದಕ್ಕೆ ಹೆಬ್ಬೆರಳಿಟ್ಟು, ನನ್ನನ್ನು ಕರೆಯಲು ಮತ್ತೆ ಕಾಲೆತ್ತಿದ್ದಳು. ನರ್ಸ್ ನನ್ನ ಕಡೆ ತಿರುಗಿ ಕೈ ಮುಗಿದರು.

“ಟೀಚರೇ, ತಾಯಿ ಮಗಳು ಮಾತಾಡಿ, ಬೇಡ ಅನ್ನಲ್ಲ. ಒಂಚೂರು ಮೆಲ್ಲಗೆ ಮಾತಾಡಿ.”